ಸಿಗದವರ ಮನೆಗೆ ಮೊದಲು

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೂ ಹೇಳುತ್ತಾರೆ, ಆಫೀಸಿನವರೂ ಹೇಳುತ್ತಾರೆ. ಅಂಥ ನನ್ನ ಬಾಯಿಗೆ ಬೀಗ ಹಾಕಿಸಿ, ಒಬ್ಬ ಹೆಂಗಸಿನ ಬೆನ್ನ ಹಿಂದೆ ಬೆಳಗಿನಿಂದ ಸಂಜೆಯವರೆಗೆ ತಿರುಗಿಸಿದ ದಿನವೊಂದಿದೆ. ಅವತ್ತು ನೋಡಿದ್ದರ ಬೆರಗು ನನಗಿನ್ನೂ ಇಳಿದಿಲ್ಲ.

ನಮ್ಮ ಆಫೀಸು ಇರುವುದು ಕುಶಾಲನಗರದಲ್ಲಿ, ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಕೆಳಗೆ ಪೈಪು ಕತ್ತರಿಸುತ್ತಾರೆ, ಮೇಲೆ ನಾವು ಸಲಹೆ ಮಾರುತ್ತೇವೆ. ಕಾಫಿ ಎಸ್ಟೇಟಿನವರು, ರೆಸಾರ್ಟಿನವರು ನಮ್ಮನ್ನು ಕರೆಸುತ್ತಾರೆ. ಯಾವ ಕೆಲಸಕ್ಕೆ ಎಷ್ಟು ಜನ ಬೇಕು, ಯಾರ ಮೇಲೆ ಹೊರೆ ಹೆಚ್ಚಾಗಿದೆ, ಯಾರ ಸಂಬಳ ಏರಿಸಬೇಕು, ಯಾರನ್ನು ತಂಡದ ಮೇಸ್ತ್ರಿ ಮಾಡಬಹುದು, ಯಾರನ್ನು ಲೆಕ್ಕ ಬರೆಯುವ ರೈಟರ್ ಮಾಡಬಹುದು ಎಂದು ನಾವು ನೋಡಿ ಹೇಳಬೇಕು. ನಮ್ಮ ಸಾಹೇಬರು ಮೊದಲು ಎಸ್ಟೇಟ್ ಮ್ಯಾನೇಜರ್ ಆಗಿದ್ದವರು. ನಿವೃತ್ತಿಯಾದ ಮೇಲೆ ವರಾಂಡದಲ್ಲಿ ಕೂತು ಪೇಪರ್ ಓದಲಾರದೆ ಈ ಕನ್ಸಲ್ಟೆನ್ಸಿ ತೆರೆದರು.

ಕೆಲಸ ನೋಡುವುದಕ್ಕೆ ಅವರದ್ದೇ ಒಂದು ಕ್ರಮವಿದೆ. ಯಾರ ಕೆಲಸ ನೋಡಬೇಕೋ ಅವರ ಜೊತೆ ಒಂದು ಇಡೀ ದಿನ ಇರಬೇಕು. ಅವರು ಹೊರಟಾಗ ಹೊರಡಬೇಕು, ನಿಂತಾಗ ನಿಲ್ಲಬೇಕು, ಉಣ್ಣುವಾಗ ಉಣ್ಣಬೇಕು. ಮಾತಾಡಬಾರದು, ಕೈ ಜೋಡಿಸಬಾರದು. ಅವರ ಚೀಲ ಉರುಳಿ ಕಾಫಿ ಹಣ್ಣೆಲ್ಲ ನೆಲಕ್ಕೆ ಚೆಲ್ಲಿದರೂ ಬಗ್ಗಿ ಹೆಕ್ಕಬಾರದು. ಸಹಾಯ ಮಾಡಿದರೆ ನಿಜವಾದ ಹೊರೆ ಕಾಣುವುದಿಲ್ಲ ಎನ್ನುವುದು ಸಾಹೇಬರ ವಾದ. ಆಫೀಸಿನಲ್ಲಿ ಇದಕ್ಕೆ ಬೆನ್ನು ಹಿಡಿಯುವುದು ಎನ್ನುತ್ತೇವೆ. ಎಸ್ಟೇಟಿನ ಸಾಲುಮನೆಗಳ, ಅಂದರೆ ಲೈನಿನ ಹೆಂಗಸರು ಇದನ್ನು ಬೇರೆ ರೀತಿ ಹೇಳುತ್ತಾರೆ. ನಾನು ಯಾರ ಹಿಂದೆಯಾದರೂ ನಿಂತರೆ ಸಾಕು, “ಇವತ್ತು ಅವ್ಳಿಗೆ ದೆವ್ವ ಮೆಟ್ಕೊಂಡಿದೆ ಕಣ್ರೇ” ಎಂದು ಗಿಡದಿಂದ ಗಿಡಕ್ಕೆ ಸುದ್ದಿ ಹೋಗುತ್ತದೆ.

ಊರಿನವರ ಹೊರೆಯನ್ನೆಲ್ಲ ತೂಗುವ ನಮ್ಮ ಆಫೀಸಿನ ಸ್ಥಿತಿ ಮಾತ್ರ ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುವಂತಿತ್ತು. ಪಿಕಿಂಗ್, ಅಂದರೆ ಕಾಫಿ ಕೊಯ್ಲು, ಶುರುವಾದರೆ ಎಲ್ಲ ಎಸ್ಟೇಟಿನವರಿಗೂ ನಾವು ಒಟ್ಟಿಗೇ ಬೇಕು. ಬಾಳೆಲೆ ಊರಿನ ಕಡೆಯಿಂದ ಬಂದು ಬೂಟು ಬಿಚ್ಚುವಷ್ಟರಲ್ಲಿ ಸೋಮವಾರಪೇಟೆ ಕಡೆಯಿಂದ ಫೋನು. ಭಾನುವಾರವೆಂಬುದು ಕ್ಯಾಲೆಂಡರಿನಲ್ಲಿ ಮಾತ್ರ ಕೆಂಪಗಿರುತ್ತಿತ್ತು. ಸಂಬಳ ಹಲವು ವರ್ಷಗಳಿಂದ ಕೂತಲ್ಲೇ ಕೂತಿತ್ತು. ಒಂದು ಮಧ್ಯಾಹ್ನ ಚಹಾ ಕುಡಿಯುವ ಹೊತ್ತಿನಲ್ಲಿ ನನ್ನ ತಾಳ್ಮೆ ಹರಿಯಿತು.

“ಸಾರ್, ಊರೋರ ಬೆನ್ನು ನೋಡಿ ನೋಡಿ ನಮ್ ಬೆನ್ನು ಮುರೀತಾ ಉಂಟು. ನಮ್ದನ್ನ ಯಾರ್ ನೋಡ್ಬೇಕು?” ಎಂದೆ. ಎಲ್ಲರೂ ತಮ್ಮ ಲೋಟದೊಳಗೆ ಇಣುಕಿದರು.

ಸಾಹೇಬರಿಗೆ ಸಿಟ್ಟು ಬರಲಿಲ್ಲ. ಲೋಟ ಕೆಳಗಿಟ್ಟು, “ನೀನು ಹೇಳಿದ್ದು ಸರಿ ಉಂಟು. ನಮ್ದು ನಾವೇ ನೋಡುವ. ಒಬ್ರ ಬೆನ್ನು ಒಬ್ರು ಹಿಡೀರಿ. ಆಮೇಲೆ ಎಲ್ರೂ ಕೂತು ಬಾಯಲ್ಲಿ ಹೇಳಿ. ಸಂಬಳದ್ದೂ ಆ ಖಾಲಿ ಸೀಟಿನದ್ದೂ ಒಟ್ಟಿಗೆ ತೀರ್ಮಾನ ಮಾಡ್ತೇನೆ” ಎಂದರು.

ಖಾಲಿ ಸೀಟು ಎಂದರೆ ಹಿರಿಯ ಸಲಹೆಗಾರರ ಹುದ್ದೆ. ಅದರಲ್ಲಿದ್ದವರು ಮೈಸೂರಿಗೆ ಹೋಗಿದ್ದರು. ಅದಕ್ಕೆ ಇದ್ದವರು ಇಬ್ಬರೇ, ನಾನು ಮತ್ತು ಅಕ್ಕ. ಅಕ್ಕ ನನಗೆ ಸಂಬಂಧಿಯಲ್ಲ. ವಯಸ್ಸಿನಲ್ಲಿ ದೊಡ್ಡವರು, ಸೋಮವಾರಪೇಟೆ ಕಡೆಯವರು, ಆಫೀಸಿಗೆ ಮಾತ್ರ ನನ್ನ ನಂತರ ಬಂದವರು. ಆ ಸೀಟು ನನಗೆ ಬೇಕಿತ್ತು. ಸಭ್ಯತೆಗೆ ಆಸೆಯಿತ್ತು ಎಂದು ಬರೆಯಬಹುದು, ಆದರೆ ನಿಜವಾಗಿ ಹಪಹಪಿಯಿತ್ತು. ಆ ಸೀಟು ಸಿಕ್ಕರೆ ಸಂಬಳ ಏರುತ್ತದೆ, ಇಳಿಜಾರಿನಲ್ಲಿ ದಿನವಿಡೀ ನಿಂತು ಹಾಳಾದ ನನ್ನ ಮಂಡಿಗೆ ಕುರ್ಚಿ ಸಿಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಹಾಸನದ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿದ ನಮ್ಮ ಮನೆತನದಲ್ಲಿ ಆಫೀಸಿನ ಕುರ್ಚಿ ಕಂಡವಳು ನಾನೇ ಮೊದಲು. ಆ ಕುರ್ಚಿಗೊಂದು ಹೆಸರು ಬರಲಿ ಎಂದು ನನ್ನ ಆಸೆ. ನಾದಿನಿಯ ಹತ್ತಿರ ಆಗಲೇ, “ಈ ಸಲ ನಂದೇ” ಎಂದು ಹೇಳಿಕೊಂಡೂ ಆಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಅಕ್ಕ ನನಗೆ ಸಮವೆಂದು ನಾನೆಂದೂ ಎಣಿಸಿರಲಿಲ್ಲ. ಬೆನ್ನು ಹಿಡಿಯುವುದು, ಹೊರೆ ಅಳೆಯುವುದು, ಯಾರು ಮೇಲೆ ಹೋಗಬೇಕು ಎಂದು ಬರೆಯುವುದು ನಮ್ಮ ಕೆಲಸ. ಮಾಲೀಕರು ಅದಕ್ಕೆ ಒಪ್ಪಿದ ಮೇಲೆ, ಹೋಗಿ ಜನರಿಗೆ ತಿಳಿಸಿ ಬರುವುದು ಅಕ್ಕನ ಕೆಲಸ. ಅವರಿಗೆ ಕೊಡವ ಭಾಷೆ ಬರುತ್ತದೆ, ತಮಿಳು, ಮಲಯಾಳ ಬರುತ್ತದೆ, ಅಸ್ಸಾಮಿನಿಂದ ಬಂದವರ ಜೊತೆ ಮುರುಕು ಹಿಂದಿಯಲ್ಲಿ ಹರಟುತ್ತಾರೆ. ನಾವು ಬೆವರು ಸುರಿಸಿ ತಿಳಿದುಕೊಂಡದ್ದನ್ನು ಹೋಗಿ ಒದರಿ ಬರುವ ಬಾಯಿ ಕೆಲಸ ಎಂಬುದು ನನ್ನ ಲೆಕ್ಕ. ಸಾಹೇಬರು ನನಗೆ ಹಿಡಿಯಲು ಕೊಟ್ಟದ್ದು ಅಕ್ಕನ ಬೆನ್ನನ್ನೇ.

ಬೆಳಕು ಹರಿಯುವ ಹೊತ್ತಿಗೆ ಅವರ ಮನೆಯ ಗೇಟಿನ ಮುಂದೆ ನಿಂತೆ. ಅವರು ಸ್ವೆಟರ್ ಮೇಲೆ ಮಳೆಕೋಟು ಹಾಕಿಕೊಂಡು ಸ್ಕೂಟರ್ ಹೊರಗೆ ತಂದರು. ಚಳಿಗೆ ಅವರಿಗೆ ಮಳೆಕೋಟೇ ಆಗಬೇಕು. “ಬನ್ನಿ ದೆವ್ವಮ್ಮ, ಹತ್ಕೊಳ್ಳಿ” ಎಂದು ನಕ್ಕರು. ಅಲ್ಲಿಂದಾಚೆ ನಾನು ಬಾಯಿ ಬಿಡುವಂತಿರಲಿಲ್ಲ. ಆನೆಕಾಡು ದಾಟುವಾಗ ರಸ್ತೆಯಲ್ಲಿ ಆನೆಯ ಹಸಿ ಲದ್ದಿ ಬಿದ್ದಿತ್ತು. ಅಕ್ಕ ನಿಧಾನ ಮಾಡಿ ಎರಡೂ ಬದಿ ನೋಡಿ ಮುಂದೆ ಹೋದರು. ಹಿಂದೆ ಕೂತ ನನಗೆ ಮಾತಾಡಬೇಡ ಎಂದು ಹೇಳಬೇಕಾದ್ದೇ ಇರಲಿಲ್ಲ.

ನಾವು ಹೋದದ್ದು ಸುಂಟಿಕೊಪ್ಪದ ಹತ್ತಿರದ ಒಂದು ಎಸ್ಟೇಟಿಗೆ. ಅಲ್ಲಿ ಹೆಂಗಸರ ತಂಡಕ್ಕೆ ಹೊಸ ಮೇಸ್ತ್ರಿಯನ್ನು ಮಾಡಬೇಕಿತ್ತು. ಇಬ್ಬರ ಹೆಸರಿತ್ತು. ಇಬ್ಬರ ಬೆನ್ನನ್ನೂ ಹಿಡಿದವಳು ನಾನೇ, ಇಂಥವರಾಗಲಿ ಎಂದು ಹೇಳಿದವಳೂ ನಾನೇ. ಹೇಳಿ ಮುಗಿಸಿ ಬೇರೆ ಎಸ್ಟೇಟಿಗೆ ಹೋಗಿದ್ದೆ. ಹೇಳಿದ್ದು ಮುಂದೆ ಏನಾಗುತ್ತದೆ ಎಂದು ನಾನು ಇಷ್ಟು ವರ್ಷ ಒಮ್ಮೆಯೂ ನೋಡಿರಲಿಲ್ಲ.

ಕೆಲಸದವರೆಲ್ಲ ಸೇರಿ ಹೆಸರು ಕೂಗಿಸಿಕೊಳ್ಳುವ ಮಸ್ಟರಿಗೆ ಇನ್ನೂ ಹೊತ್ತಿತ್ತು. ಅಕ್ಕ ಬಂಗಲೆಗೂ ಹೋಗಲಿಲ್ಲ, ಎಸ್ಟೇಟ್ ಆಫೀಸಿಗೂ ಹೋಗಲಿಲ್ಲ. ಸ್ಕೂಟರನ್ನು ಲೈನಿನ ಹತ್ತಿರ ನಿಲ್ಲಿಸಿ ಒಂದು ಬಾಗಿಲಿನ ಮುಂದೆ ಚಪ್ಪಲಿ ಬಿಟ್ಟರು. ಅದು ಕೆಲಸ ಸಿಕ್ಕಿದವಳ ಮನೆಯಲ್ಲ, ಸಿಗದವಳ ಮನೆ. ಮನೆ ತಪ್ಪಿತು ಎಂದು ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡೆ.

ಆ ಹೆಂಗಸು ಬುತ್ತಿ ಕಟ್ಟುತ್ತಿದ್ದಳು. ನಮ್ಮನ್ನು ನೋಡಿ ಮುಖ ಅರಳಿಸಿ ಬೆಲ್ಲದ ಕಾಫಿ ಕೊಟ್ಟಳು. ಅಕ್ಕ ಲೋಟ ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತರು. ಎಸ್ಟೇಟಿನಲ್ಲಿ ಲೈನಿನವರನ್ನು ಏಕವಚನದಲ್ಲಿ ಕರೆಯುವುದೇ ರೂಢಿ. ಅಕ್ಕ ಹಾಗೆ ಕರೆಯಲಿಲ್ಲ.

“ನೋಡಿ, ಸುತ್ತಿ ಬಳಸಿ ಹೇಳೋಕೆ ನಂಗ್ ಬರಲ್ಲ. ಮೇಸ್ತ್ರಿ ಕೆಲ್ಸ ನಿಮ್ಗೆ ಬರ್ಲಿಲ್ಲ. ಕೆಳಗಿನ ಲೈನಿನವ್ರಿಗೆ ಆಯ್ತು. ಮಸ್ಟರಲ್ಲಿ ಎಲ್ರ ಎದ್ರು ನಿಮ್ಗೆ ಗೊತ್ತಾಗೋದು ಬೇಡ ಅಂತ ಮೊದ್ಲು ಇಲ್ಲಿಗೆ ಬಂದೆ.”

ಅವಳು ಬುತ್ತಿಯ ಮುಚ್ಚಳ ಒತ್ತಿದಳು. ಅದು ಕೂರಲಿಲ್ಲ. ಮತ್ತೆ ಒತ್ತಿದಳು. ಆಮೇಲೆ ಶುರುವಾಯಿತು ನೋಡಿ! “ಯಾಕೆ ಮೇಡಂ? ನಾನೇನು ಕಳ್ಳತನ ಮಾಡಿದ್ನಾ? ಅವ್ಳು ನೆನ್ನೆ ಮೊನ್ನೆ ಬಂದೋಳು. ನನ್ ಕೈಯಷ್ಟು ಹಣ್ಣು ಕುಯ್ಯೋರು ಈ ತೋಟದಲ್ಲಿ ಯಾರಿದಾರೆ ತೋರ್ಸಿ!” ಎಂದವಳು ನನ್ನ ಕಡೆ ಕೈ ಮಾಡಿ, “ಈಯಮ್ಮ ನನ್ ಹಿಂದೆ ದಿನವಿಡೀ ತಿರುಗಿದ್ಲಲ್ಲ, ಏನ್ ನೋಡಿದ್ಲು ಹಂಗಾದ್ರೆ?” ಎಂದಳು.

ಹಾಗೆ ಬರೆದದ್ದು ನಾನೇ ಎಂದು ಅವಳಿಗೆ ಗೊತ್ತಿರಲಿಲ್ಲ, ಅಕ್ಕನಿಗೆ ಗೊತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ, ಅಗೋ ಅವರನ್ನೇ ಕೇಳು ಎಂದು ನನ್ನ ಕಡೆ ಕೈ ತೋರಿಸಿ ಪಾರಾಗುತ್ತಿದ್ದರು. ನಾನಂತೂ ಖಂಡಿತ ಹಾಗೆ ಮಾಡುತ್ತಿದ್ದೆ. ಅಕ್ಕ ನನ್ನ ಕಡೆ ಕಣ್ಣು ಕೂಡ ಹೊರಳಿಸಲಿಲ್ಲ.

“ಕುಯ್ಯೋದ್ರಲ್ಲಿ ನೀವೇ ಮುಂದೆ. ಅದ್ರಲ್ಲಿ ಎರಡ್ ಮಾತಿಲ್ಲ. ಆದ್ರೆ ಹಿಂದೆ ಉಳ್ದೋರಿಗೆ ಕಾದು ಜೊತೇಲಿ ಕರ್ಕೊಂಡ್ ಹೋಗೋದು ಅವ್ರು. ಅದಕ್ಕೆ ಅವ್ರಿಗಾಯ್ತು. ಪಿಕಿಂಗ್ ರೇಟು ಎಲ್ರಿಗೂ ಏರತ್ತೆ, ನಿಮ್ಗೂ ಏರತ್ತೆ. ಮೇಸ್ತ್ರಿ ಸಂಬಳ ಬರಲ್ಲ. ಮುಂದಿನ ವರ್ಷ ಬರತ್ತೆ ಅಂತ ನಾನ್ ಸುಳ್ ಆಸೆ ತೋರ್ಸಲ್ಲ, ನಂಗೇ ಗೊತ್ತಿಲ್ಲ.”

ಅವಳು ಬೈದಳು. ಮಾಲೀಕರನ್ನು ಬೈದಳು, ಕೆಳಗಿನ ಲೈನಿನವಳನ್ನು ಬೈದಳು, ತನ್ನ ಗಂಡನನ್ನೂ ಯಾವುದೋ ಹಳೆಯ ವಿಷಯಕ್ಕೆ ಎಳೆದು ತಂದು ಬೈದಳು. ಅಕ್ಕ ಮಧ್ಯೆ ಬಾಯಿ ಹಾಕಲಿಲ್ಲ, ಗಡಿಯಾರ ನೋಡಲಿಲ್ಲ, ಸಮಾಧಾನದ ಮಾತನ್ನೂ ಆಡಲಿಲ್ಲ. ಮಾತು ನಿಂತಾಗ, “ಇನ್ನೇನಾದ್ರೂ ಇದ್ಯಾ? ಹೇಳ್ಬಿಡಿ. ನಾನ್ ಹೋದ್ಮೇಲೆ ಯಾರ ಹತ್ರ ಹೇಳ್ತೀರಾ?” ಎಂದರು. ಇನ್ನೂ ಇತ್ತು. ಅದನ್ನೂ ಕೇಳಿದರು. ಕೊನೆಗೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಅಕ್ಕನ ಕೈಯಿಂದ ಲೋಟ ಕಿತ್ತುಕೊಂಡು, “ಆರೋಗಿದೆ, ಬಿಸಿ ಮಾಡ್ಕೊಡ್ತೀನಿ” ಎಂದು ಒಲೆಯ ಕಡೆ ಹೋದಳು.

ಮಸ್ಟರಿನಲ್ಲಿ ಅಕ್ಕ ಹೊಸ ಮೇಸ್ತ್ರಿಯ ಹೆಸರು ಹೇಳಿದಾಗ ಎಲ್ಲರ ಕಣ್ಣೂ ಸಿಗದವಳ ಮುಖಕ್ಕೆ ಹೋಯಿತು. ಜನ ಕಾಯುವುದೇ ಅದಕ್ಕೆ. ಆ ಮುಖದಲ್ಲಿ ಅವರಿಗೆ ಏನೂ ಸಿಗಲಿಲ್ಲ. ಅವಳು ಅಳುವುದನ್ನು ತನ್ನ ಮನೆಯಲ್ಲಿ, ತನ್ನ ಒಲೆಯ ಮುಂದೆ ಆಗಲೇ ಮುಗಿಸಿ ಬಂದಿದ್ದಳು. ಚೀಲವನ್ನು ಹೆಗಲಿಗೆ ಹಾಕಿಕೊಂಡು, “ಏನ್ ನೋಡ್ತಾ ನಿಂತ್ರಿ? ಬಿಸ್ಲೇರತ್ತೆ, ನಡೀರಿ” ಎಂದು ಎಲ್ಲರಿಗಿಂತ ಮುಂದೆ ನಡೆದಳು. ಒಂದು ಲೋಟ ಕಾಫಿ ಆರುವಷ್ಟು ಹೊತ್ತಿನಲ್ಲಿ ಅಕ್ಕ ಆ ಹೆಂಗಸಿನ ಮಾನ ಉಳಿಸಿದ್ದರು. ಈ ಕೆಲಸಕ್ಕೆ ನಮ್ಮ ಆಫೀಸಿನಲ್ಲಿ ಹೆಸರೂ ಇರಲಿಲ್ಲ, ಬೆಲೆಯೂ ಇರಲಿಲ್ಲ.

ಅಲ್ಲಿಂದ ಮಡಿಕೇರಿ ರಸ್ತೆಯ ಒಂದು ರೆಸಾರ್ಟಿಗೆ ಹೋದೆವು. ಅಲ್ಲಿ ಕಹಿ ಮಾತು ಕೇಳಬೇಕಾದವರು ಮಾಲೀಕರು. ಅಡುಗೆಯವರಿಗೆ ಕೊಡುವ ಸಂಬಳ ಸಾಲದು, ಇಬ್ಬರ ಕೆಲಸವನ್ನು ಒಬ್ಬರ ತಲೆಗೆ ಕಟ್ಟಿದ್ದೀರಿ ಎಂದು ಅಕ್ಕ ಅವರಿಗೆ ಹೇಳಿದರು. ಅವರು ಇಂಗ್ಲಿಷಿನಲ್ಲಿ ಕೂಗಾಡಿದರು. ನಿಮಗೆ ದುಡ್ಡು ಕೊಡುವವನು ನಾನು, ಅಡುಗೆಯವನಲ್ಲ ಎಂದರು. ಅಕ್ಕ ಲೈನಿನ ನೆಲದ ಮೇಲೆ ಹೇಗೆ ಕೂತಿದ್ದರೋ ಆ ಮೆತ್ತನೆಯ ಸೋಫಾದ ಮೇಲೂ ಹಾಗೇ ಕೂತಿದ್ದರು. ಮಾಲೀಕರ ಕೂಗಾಟ ಮುಗಿದ ಮೇಲೆ, “ಇನ್ನೇನಾದ್ರೂ ಇದ್ಯಾ ಸರ್?” ಎಂದರು. ನನಗೆ ನಗು ತಡೆಯಲಾಗಲಿಲ್ಲ. ದೆವ್ವ ನಗಬಾರದು ಎಂಬ ನಿಯಮವಿಲ್ಲದಿದ್ದರೂ ಕೆಮ್ಮಿದಂತೆ ಮಾಡಿದೆ. ಮಾಲೀಕರು ಪೂರ್ತಿ ಒಪ್ಪಲಿಲ್ಲ. ಇನ್ನೊಬ್ಬ ಅಡುಗೆಯವನನ್ನು ಇಟ್ಟುಕೊಳ್ಳಲು ಒಪ್ಪಿದರು, ಸಂಬಳದ ಮಾತು ಅಲ್ಲೇ ನಿಂತಿತು. ಅಕ್ಕ ಅದನ್ನೂ ಹಾಗೆಯೇ ಹೋಗಿ ಅಡುಗೆಮನೆಯಲ್ಲಿ ಹೇಳಿ, ಅಲ್ಲಿನ ಬೈಗುಳವನ್ನೂ ಕೇಳಿಕೊಂಡು ಬಂದರು.

ವಾಪಸು ಬರುವಾಗ ಅಕ್ಕ ಒಂದು ಮೋರಿ ಕಟ್ಟೆಯ ಹತ್ತಿರ ಸ್ಕೂಟರ್ ನಿಲ್ಲಿಸಿದರು. ಕಟ್ಟೆಯ ಮೇಲೆ ಕೂತು ನೀರು ಕುಡಿದು ಕಣ್ಣು ಮುಚ್ಚಿದರು. ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಮುದುಡಿ ಕೂತಿದ್ದರು. ಕುಶಾಲನಗರದ ಬಸ್ಸುಗಳು ಹಾರ್ನ್ ಮಾಡಿಕೊಂಡು ಹೋದವು, ಅವರು ಕಣ್ಣು ತೆರೆಯಲಿಲ್ಲ. ಬೆಳಗಿನಿಂದ ಕೇಳಿದ ಅಷ್ಟೂ ಮಾತು ಅವರ ಮೈಯೊಳಗೆ ಎಲ್ಲೋ ಹೋಗಿ ಕೂರಬೇಕಿತ್ತಲ್ಲ, ಅದು ಕೂರುವ ಹೊತ್ತು ಅದು. ಎಷ್ಟು ಚೀಲ ಹೊತ್ತರು, ಎಷ್ಟು ಕೋಣೆ ಗುಡಿಸಿದರು ಎಂದು ಹೇಳುವ ನನಗೆ ಇದನ್ನು ಏನೆಂದು ಹೇಳಬೇಕೋ ತಿಳಿಯಲಿಲ್ಲ. ಆಮೇಲೆ ಅವರು ಎದ್ದು ಮುಖ ತೊಳೆದುಕೊಂಡು ಸ್ಕೂಟರ್ ಹತ್ತಿದರು. ಆಫೀಸಿನಲ್ಲಿ ಇನ್ನೂ ಕೆಲಸವಿತ್ತು.

ಎಲ್ಲರ ಸರದಿಯೂ ಮುಗಿದ ಮೇಲೆ ಸಾಹೇಬರು ನಮ್ಮನ್ನು ಕೂರಿಸಿಕೊಂಡರು. ನನ್ನ ಬೆನ್ನು ಹಿಡಿದಿದ್ದ ಸಹೋದ್ಯೋಗಿ, “ಇವ್ರು ಕೆಲ್ಸ ಮಾಡೋದೂ ಜಾಸ್ತಿ, ಬೈಯೋದೂ ಜಾಸ್ತಿ. ಎರಡನ್ನೂ ಒಟ್ಟಿಗೆ ಮಾಡೋದ್ರಿಂದ ಟೈಮ್ ಉಳಿಯತ್ತೆ” ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ನನ್ನ ಸರದಿ ಬಂತು. ಅಕ್ಕನ ಬಗ್ಗೆ ಎರಡು ಮಾತು ಅಳೆದು ತೂಗಿ ಹೇಳಿ ಕೂತುಬಿಡಬೇಕು ಎಂದು ನಾನು ಮನೆಯಿಂದಲೇ ತಯಾರಾಗಿ ಬಂದಿದ್ದೆ. ಆ ಸೀಟು ನನಗೆ ಬೇಕಿತ್ತಲ್ಲ! ಆದರೆ ಬಾಯಿ ತೆರೆದದ್ದೇ ತಡ, ಆ ಬುತ್ತಿಯ ಮುಚ್ಚಳ, ಆರಿದ ಕಾಫಿ, ಮುಂದೆ ನಡೆದು ಹೋದ ಆ ಹೆಂಗಸು, ಮೋರಿ ಕಟ್ಟೆ ಎಲ್ಲ ಬಂದುಬಿಟ್ಟವು. ಕಂಡ ಬೆರಗನ್ನು ಅರ್ಧ ಹೇಳುವುದು ನನ್ನ ಕೈಲಾಗದ ಕೆಲಸ. ಅಕ್ಕ ಟೇಬಲ್ಲಿನ ಅಂಚನ್ನು ನೋಡುತ್ತಾ ಕೂತಿದ್ದರು. ಸಾಹೇಬರು ಸೋಮವಾರ ತೀರ್ಮಾನ ಹೇಳುತ್ತೇನೆ ಎಂದು ಎದ್ದರು.

ಸೋಮವಾರ ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ. ನಮ್ಮ ಮನೆಯವರು ಶುಂಠಿ ಲೋಡಿಗೆಂದು ಪಿಕಪ್ ತೆಗೆದುಕೊಂಡು ಹೋಗಿ ಆಗಿತ್ತು. ಗೇಟಿನ ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಮಳೆಕೋಟು ಕಾಣಿಸಿತು. ಇನ್ನೇನೂ ಕೇಳಬೇಕಾಗಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಸೌಟು ಹಿಡಿದುಕೊಂಡೇ ಬಾಗಿಲು ತೆಗೆದೆ.

“ಕಾಫಿ ಇದ್ಯಾ?” ಎಂದರು. ಕೊಟ್ಟೆ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತರು.

“ಸೀಟು ನಿಮ್ಗೆ ಬರ್ಲಿಲ್ಲ. ನಂಗಾಯ್ತು. ನಿನ್ನೆ ಸಾಹೇಬ್ರು ಫೋನ್ ಮಾಡಿದ್ರು. ಸಂಬಳ ಎಲ್ರಿಗೂ ಸ್ವಲ್ಪ ಏರತ್ತೆ, ಫೀಲ್ಡಿಗೆ ಇನ್ನೊಬ್ರನ್ನ ತಗೋತಾರೆ. ನಿಮ್ ಹೊರೆ ಇಳಿಯತ್ತೆ” ಎಂದು ಒಂದೇ ಉಸಿರಿಗೆ ಹೇಳಿ, ಸ್ವಲ್ಪ ತಡೆದು, “ನೀವು ಹೇಳಿದ್ದನ್ನ ಕೇಳಿಯೇ ತೀರ್ಮಾನ ಮಾಡ್ದೆ ಅಂದ್ರು. ಅದು ನಿಮ್ಗೆ ಬೇರೆಯೋರಿಂದ ಗೊತ್ತಾಗ್ಬಾರ್ದು. ಇನ್ನೊಂದು ಹೇಳ್ಬೇಕು. ನಾನು ಬೇಡ ಅನ್ಲಿಲ್ಲ. ನಿಮ್ಗೇ ಕೊಡ್ಲಿ ಅಂತಾನೂ ಹೇಳ್ಲಿಲ್ಲ. ನಂಗೂ ಬೇಕಿತ್ತು ಕಣ್ರೀ” ಎಂದರು.

ನಾನು ಕೂಗಾಡಿದೆ. ನಾನು ಮೊದಲು ಬಂದವಳು ಎಂದೆ, ನನ್ನ ಮಂಡಿಯ ಸುದ್ದಿ ತೆಗೆದೆ, ಇನ್ನು ನಾದಿನಿಗೆ ಹೇಗೆ ಮುಖ ತೋರಿಸಲಿ ಎಂದೆ. ನನ್ನ ಬಾಯಿಂದಲೇ ನನ್ನ ತುತ್ತು ಹೋಯಿತಲ್ಲ ಎಂದು ಅತ್ತೂಬಿಟ್ಟೆ. ಹೆಂಚಿನ ಮೇಲಿನ ದೋಸೆ ಕರಕಲಾಗಿ ಹೊಗೆಯೆದ್ದಿತು. ಅಕ್ಕ ಎದ್ದು ಒಲೆ ಆರಿಸಿ ಮತ್ತೆ ಬಂದು ಕೂತರು. ನನ್ನ ಮಾತು ಮುಗಿದಾಗ ಅವರು ಇನ್ನೇನಾದ್ರೂ ಇದ್ಯಾ ಎಂದು ಕೇಳುತ್ತಾರೆ ಎಂದುಕೊಂಡಿದ್ದೆ. ಅವರು ಏನೂ ಕೇಳಲಿಲ್ಲ.

ಆಗ ನೋಡಿದೆ, ಅವರ ಕೈಯಲ್ಲಿದ್ದ ಲೋಟ ನಡುಗುತ್ತಿತ್ತು. ಕಾಫಿ ತುಳುಕಿ ಸೀರೆಯ ಮೇಲೆ ಬಿದ್ದಿತ್ತು, ಅದು ಅವರಿಗೆ ತಿಳಿದಂತೆಯೂ ಇರಲಿಲ್ಲ. ಲೈನಿನಲ್ಲಿ ನಡುಗದ ಕೈ, ಆ ರೆಸಾರ್ಟಿನ ಸೋಫಾದ ಮೇಲೆ ನಡುಗದ ಕೈ ನನ್ನ ಅಡುಗೆಮನೆಯಲ್ಲಿ ನಡುಗುತ್ತಿತ್ತು. ಅಲ್ಲೆಲ್ಲ ಅವರು ಬೇರೆಯವರ ಸೋಲು ಗೆಲುವಿನ ಸುದ್ದಿ ಹೇಳಿದ್ದರು. ಇಲ್ಲಿ ತಾವೇ ಗೆದ್ದು, ಸೋತವಳ ಮನೆಯ ಬಾಗಿಲಿಗೆ ಬಂದಿದ್ದರು. ಆಫೀಸಿನಲ್ಲಿ ಸಾಹೇಬರ ಬಾಯಿಂದಲೇ ನನಗೆ ಗೊತ್ತಾಗಲಿ ಎಂದು ಸುಮ್ಮನಿದ್ದಿದ್ದರೂ ಅವರನ್ನು ಯಾರೂ ಏನೂ ಅನ್ನುತ್ತಿರಲಿಲ್ಲ. ನನಗೆ ಹೆದರಿಕೊಂಡೇ ಬಂದಿದ್ದರು, ಆದರೂ ಬಂದಿದ್ದರು.

ಇಂಥ ಧೈರ್ಯವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಸೀಟು ಹೋದ ಸಂಕಟ ಹಾಗೇ ಇತ್ತು, ಇವತ್ತಿಗೂ ಒಂದೊಂದು ಸಲ ಚುಚ್ಚುತ್ತದೆ. ಆದರೆ ಆ ಹೊತ್ತಿಗೆ ನನ್ನ ಕೋಪಕ್ಕೆ ನಿಲ್ಲಲು ಜಾಗ ಸಿಗಲಿಲ್ಲ. ಅವರ ಕೈಯಿಂದ ಲೋಟ ತೆಗೆದು ಕೆಳಗಿಟ್ಟೆ, ಆ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ. ನಡುಕ ನಿಲ್ಲುವವರೆಗೂ ಬಿಡಲಿಲ್ಲ.